ಗಂಟು ನೋವಿಗೆ ಬಂದವರ ಕೈಯಲ್ಲಿ ‘ರಿಯಾಕ್ಟಿವ್’ ರಿಪೋರ್ಟು

(ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಸರೋಜಮ್ಮನಿಗೆ 52 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಆರು ತಿಂಗಳಿಂದ ಬೆರಳಿನ ಗಂಟುಗಳಲ್ಲಿ ನೋವು. ಬೆಳಿಗ್ಗೆ ಎದ್ದರೆ ಕತ್ತರಿ ಹಿಡಿಯೊಳಗೆ ಹೆಬ್ಬೆರಳೇ ಹೋಗುತ್ತಿರಲಿಲ್ಲ. ಆರ್‌ಎ ಫ್ಯಾಕ್ಟರ್ (ಸಂಧಿವಾತದ ಸುಳಿವು ಕೊಡುವ ರಕ್ತಪರೀಕ್ಷೆ) ಪಾಸಿಟಿವ್ ಬಂತು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಲಿವರ್‌ಗೆ ತೊಂದರೆ ಮಾಡಬಹುದು. ಅದಕ್ಕೇ ಡಾಕ್ಟರು ಮೊದಲು ಲಿವರ್ ಕೆಡಿಸುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ, ಸಿ ಎರಡಕ್ಕೂ ರಕ್ತಪರೀಕ್ಷೆ ಬರೆದರು. ಬಿ ಇರಲಿಲ್ಲ. ಸಿ ಸಾಲಿನಲ್ಲಿ ‘ಆಂಟಿ-ಎಚ್‌ಸಿವಿ: ರಿಯಾಕ್ಟಿವ್’ ಅಂತಿತ್ತು, ಅಂದರೆ ಹೆಪಟೈಟಿಸ್ ಸಿ ವೈರಸ್ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ ರಕ್ತದಲ್ಲಿ ಕಂಡಿದೆ ಅಂತ.

ರಿಪೋರ್ಟನ್ನು ಸೀರೆ ಅಂಗಡಿ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ತಂದಿದ್ದರು. “ಮೇಡಂ, ಇದು ಕೆಟ್ಟ ಕಾಯಿಲೆ ಅಲ್ವಾ? ಗಂಟು ನೋವು ಅಂತ ಬಂದೋಳಿಗೆ ಇದೆಲ್ಲಿಂದ ಬಂತು?” ಅತ್ತೆ ಆಗಲೇ ಇವರ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಹಿಂದೆ ರಕ್ತ ಏರಿಸಿದ್ದರಾ ಅಂತ ಕೇಳಿದೆ. 1993ರಲ್ಲಿ ಮೊದಲ ಹೆರಿಗೆ, ಎರಡು ಬಾಟಲಿ. ದಾನದ ರಕ್ತಕ್ಕೆ ಸಿ ಪರೀಕ್ಷೆ ಆಗ ನಮ್ಮಲ್ಲಿ ಕಡ್ಡಾಯ ಇರಲಿಲ್ಲ. ಅದರಿಂದಲೇ ಬಂತು ಅಂತ ನಾನು ಆಣೆ ಮಾಡಲಾರೆ. ಆದರೆ ಸರೋಜಮ್ಮನ ಒಪ್ಪಿಗೆ ಕೇಳಿ ಗಂಡನನ್ನು ಒಳಗೆ ಕರೆದೆ, ಅವರೆದುರೇ ಈ ಮಾತು ಹೇಳಿದೆ. ಸರೋಜಮ್ಮ ಅತ್ತಿದ್ದು ಆಗಲೇ.

“ಹೊಲಿಗೆ ಬಿಚ್ಚಿದ ಮೇಲೂ ಬಟ್ಟೆಯಲ್ಲಿ ಸೂಜಿ ತೂತು ಉಳಿಯುತ್ತಲ್ಲ ಅಮ್ಮ, ಈ ಟೆಸ್ಟ್ ನೋಡೋದು ತೂತನ್ನ. ದಾರ ಇನ್ನೂ ಇದೆಯಾ ಅಂತ ನೋಡೋಕೆ ಎಚ್‌ಸಿವಿ ಆರ್‌ಎನ್‌ಎ ಅಂತ ಬೇರೆ ಟೆಸ್ಟ್ ಇದೆ” ಅಂದೆ. ಕೆಲವರಲ್ಲಿ ವೈರಸ್ ತಾನಾಗಿ ಹೋಗಿರುತ್ತದೆ, ಆಂಟಿಬಾಡಿ ಮಾತ್ರ ಉಳಿದಿರುತ್ತದೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇರಲ್ಲ. ಹೆಪಟೈಟಿಸ್ ಸಿ ತಾನೇ ಗಂಟು ನೋವು ತರಬಹುದು, ಆರ್‌ಎ ಫ್ಯಾಕ್ಟರನ್ನೂ ಪಾಸಿಟಿವ್ ಮಾಡಬಹುದು. ಹಾಗಾಗಿ ಇದು ಸಂಧಿವಾತವೇ ಹೌದಾ ಅಂತ ತಿಳಿಯೋಕೆ ನೆರವಾಗುವ ಆಂಟಿ-ಸಿಸಿಪಿ ಅನ್ನೋ ರಕ್ತಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ, ಅಲ್ಲಿವರೆಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆಯಾಗಲಿ, ಯಾರೋ ಕೊಟ್ಟ ಪುಡಿ ಕಷಾಯವಾಗಲಿ ಸುಮ್ನೆ ತಗೋಬೇಡಿ ಅಂದೆ. ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಇದು ಅಂಟಲ್ಲ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಗಂಡ, ಮಕ್ಕಳು ಒಂದು ಸಲ ಪರೀಕ್ಷೆ ಮಾಡಿಸಲಿ. ತಟ್ಟೆ ವಿಷಯ ಅತ್ತೆಗೆ ನಾನೇ ಫೋನಿನಲ್ಲಿ ಹೇಳಿದೆ; ಅವರು “ಹೂಂ” ಅಂದರು, ಅಷ್ಟೇ.

ಆರ್‌ಎನ್‌ಎ ಟೆಸ್ಟಿನಲ್ಲಿ ವೈರಸ್ ಸಿಕ್ಕಿತು. ಆಂಟಿ-ಸಿಸಿಪಿ ನೆಗೆಟಿವ್. ಮೆಥೊಟ್ರೆಕ್ಸೇಟ್ ಪಕ್ಕಕ್ಕಿಟ್ಟರು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಅನ್ನೋ ವೈರಸ್ ಮಾತ್ರೆಗಳು ಪುಕ್ಕಟೆ ಸಿಕ್ಕವು, 12 ವಾರ. ಮುಗಿದು ಮೂರು ತಿಂಗಳಾದ ಮೇಲೆ ನೋಡಿದರೆ ವೈರಸ್ ಇರಲಿಲ್ಲ. ಬೆರಳು ನೋವು ಪೂರ್ತಿ ಹೋಗಿಲ್ಲ. ಕತ್ತರಿ ಹಿಡಿಯುತ್ತಾರೆ.

ಕಳೆದ ತಿಂಗಳು ಕಣ್ಣಿನ ಪೊರೆ ಆಪರೇಷನ್ನಿಗೆ ಹೋದಾಗ ಮತ್ತೆ ‘ರಿಯಾಕ್ಟಿವ್’. ಆಂಟಿಬಾಡಿ ವಾಸಿಯಾದ ಮೇಲೂ ಉಳಿಯುತ್ತದೆ, ಆರ್‌ಎನ್‌ಎ ರಿಪೋರ್ಟು ಜೊತೆಗಿಟ್ಟುಕೊಳ್ಳಿ ಅಂತ ಮೊದಲೇ ಹೇಳಿದ್ದೆ. ಕವರಿನಿಂದ ತೆಗೆದು ತೋರಿಸಿದರಂತೆ. “ದಾರ ಇಲ್ಲಮ್ಮ, ಬರೀ ತೂತು” ಅಂತ ನರ್ಸಿಗೆ ಹೇಳಿದರೆ, ಆ ಹುಡುಗಿ ಇವರ ಬ್ಲೌಸ್ ಕಡೆ ನೋಡಿದಳಂತೆ.