ಗಿಟಾರ್ ಗುಂಯ್‌ಗುಡುತ್ತಿದೆಯಾ? ಮೊದಲು ವಾಲ್ಯೂಮ್ ಸೊನ್ನೆಗೆ ಇಳಿಸಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಎಲೆಕ್ಟ್ರಿಕ್ ಗಿಟಾರಿನ ಬೇಡದ ಸದ್ದಿನ ಬಗ್ಗೆಯೇ. ಗುಂಯ್, ಚರಚರ, ಟಪ್, ಕೀಂಯ್, ಎಲ್ಲವೂ ಇವೆ. ಉತ್ತರಕ್ಕೆ ಮುಂಚೆ ಎಲ್ಲರಿಗೂ ಒಂದೇ ಮಾತು: ಸದ್ದು ಬರುತ್ತಿರುವಾಗಲೇ ಗಿಟಾರಿನ ವಾಲ್ಯೂಮ್ ನಾಬನ್ನು ಪೂರ್ತಿ ಇಳಿಸಿ ನೋಡಿ. ಸದ್ದು ನಿಂತರೆ ಅದು ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ಹಿಡಿಯುವ ಪಿಕಪ್ ಕಡೆಯಿಂದ ಬರುತ್ತಿದೆ. ನಿಲ್ಲದಿದ್ದರೆ ಜ್ಯಾಕ್ (ಕೇಬಲ್ ಚುಚ್ಚುವ ತೂತು), ಕೇಬಲ್, ಪೆಡಲ್ (ಸ್ವರದ ಬಣ್ಣ ಬದಲಿಸುವ ಕಾಲೊತ್ತು ಪೆಟ್ಟಿಗೆ) ಅಥವಾ ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ನೋಡಬೇಕು. ಇದನ್ನು ಮಾಡದೆ ನೇರವಾಗಿ ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆದು ನಿಲ್ಲಿಸುವ ಪೆಡಲ್) ಕೊಳ್ಳಲು ಹೋಗುವವರೇ ಜಾಸ್ತಿ. ಗೇಟ್ ಕೆಲಸ ಮಾಡುವುದು ನೀವು ನುಡಿಸದೆ ಇದ್ದಾಗ ಮಾತ್ರ. ನುಡಿಸುವಾಗ ಗುಂಯ್ ಅನ್ನೋದು ಸ್ವರದ ಜೊತೆಗೇ ಬರುತ್ತದೆ.

ಪ್ರಶ್ನೆ: ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಗಿಟಾರ್ ತೆಗೆದುಕೊಂಡಿದ್ದೇನೆ, ಮೂರು ಸಿಂಗಲ್ ಕಾಯಿಲ್ ಪಿಕಪ್ ಇವೆ. ಆಂಪ್ ಆನ್ ಮಾಡಿದ ಕೂಡಲೇ ಗುಂಯ್ ಅಂತ ಶುರು. ತಂತಿ ಮುಟ್ಟಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಕೆಟ್ಟ ಗಿಟಾರ್ ಸಿಕ್ಕಿತಾ? ವಾಪಸ್ ಕೊಡಲಾ?

ಉತ್ತರ: ಖಂಡಿತ ಬೇಡ. ನಿಮ್ಮ ಗಿಟಾರ್ ಚೆನ್ನಾಗಿಯೇ ಇದೆ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ವೈರನ್ನು ಸಾವಿರಾರು ಸುತ್ತು ಸುತ್ತಿದ್ದು, ಅಷ್ಟೇ. ಆ ಸುರುಳಿ ಒಂದೇ ಇದ್ದರೆ ಸಿಂಗಲ್ ಕಾಯಿಲ್. ಉಕ್ಕಿನ ತಂತಿ ಅಲುಗಿದರೆ ಅದರಲ್ಲಿ ಕರೆಂಟ್ ಹುಟ್ಟುತ್ತದೆ. ಆದರೆ ಗೋಡೆಯೊಳಗಿನ ವೈರಿಂಗ್, ಟ್ರಾನ್ಸ್‌ಫಾರ್ಮರ್ ಇವುಗಳ ಸುತ್ತ ಏಳುವ ಕಾಂತಕ್ಷೇತ್ರವೂ ಅದಕ್ಕೆ ಕೇಳುತ್ತದೆ. ದೇಶ ನೋಡಿಕೊಂಡು 50 ಅಥವಾ 60 ಹರ್ಟ್ಸ್. ಅದೇ ಆ ಗುಂಯ್.

ಈಗ ಗಿಟಾರ್ ಕೊರಳಿಗೆ ಹಾಕಿಕೊಂಡು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ಕಡೆ ಮುಖ ಮಾಡಿದಾಗ ಸದ್ದು ಜೋರಾಗುತ್ತದೆ, ಇನ್ನೊಂದು ಕಡೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಆ ಜಾಗ, ಆ ದಿಕ್ಕು ನೆನಪಿಟ್ಟುಕೊಳ್ಳಿ, ಅಲ್ಲೇ ಕೂತು ನುಡಿಸಿ. ಆಂಪ್‌ನಿಂದ ನಾಲ್ಕು ಹೆಜ್ಜೆ ದೂರ ಇರಿ. ದೀಪದ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್, ಫೋನ್ ಚಾರ್ಜರ್ ಒಂದೊಂದಾಗಿ ಆರಿಸಿ ನೋಡಿ. ಡಿಮ್ಮರ್ ಇದ್ದರೆ ಗುಂಯ್ ಬದಲು ಜೇನ್ನೊಣದಂಥ ಜುಂಯ್ ಬರುತ್ತದೆ, ವ್ಯತ್ಯಾಸ ಕಿವಿಗೆ ಬೇಗ ಸಿಗುತ್ತದೆ.

ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಒಳ್ಳೆಯ ಲಕ್ಷಣ. ತಂತಿಗಳು ಕೂರುವ ಬ್ರಿಜ್ ಕೆಳಗಿನ ಗ್ರೌಂಡ್ (ಅರ್ತ್) ವೈರ್ ಸರಿಯಿದೆ ಅಂತ ಅರ್ಥ. ಮುಟ್ಟಿದರೂ ಬಿಟ್ಟರೂ ಒಂದೇ ಥರ ಜುಂಯ್ ಅಂದರೆ ಆ ವೈರ್ ಬಿಟ್ಟಿರಬಹುದು. ಮುಟ್ಟಿದಾಗ ಜಾಸ್ತಿಯಾದರೆ ಜ್ಯಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿವೆಯಾ, ಮನೆಯ ಅರ್ತಿಂಗ್ ಸರಿಯಿದೆಯಾ ಅಂತ ನೋಡಿಸಿ. ಅಲ್ಲಿಯವರೆಗೆ ನುಡಿಸಬೇಡಿ.

ಇನ್ನೊಂದು ವಿಷಯ. ಪಿಕಪ್ ಆರಿಸುವ ಐದು ಜಾಗದ ಸ್ವಿಚ್ಚನ್ನು 2 ಅಥವಾ 4ನೇ ಜಾಗಕ್ಕೆ ತನ್ನಿ. ಈಗಿನ ಬಹಳಷ್ಟು ಸ್ಟ್ರಾಟ್‌ಗಳಲ್ಲಿ ಮಧ್ಯದ ಪಿಕಪ್ ಅನ್ನು ತಿರುಗುಮುರುಗಾಗಿ ಸುತ್ತಿರುತ್ತಾರೆ, ಅಯಸ್ಕಾಂತವೂ ಉಲ್ಟಾ. ಎರಡು ಪಿಕಪ್ ಸೇರಿದಾಗ ಗುಂಯ್‌ಗೆ ಗುಂಯ್ ವಜಾ ಆಗುತ್ತದೆ, ತಂತಿಯ ಸ್ವರ ಮಾತ್ರ ಕೂಡಿಕೊಳ್ಳುತ್ತದೆ. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್ ಕೂಡ ಇದೇ ಉಪಾಯ, ಒಂದೇ ಪಿಕಪ್‌ನಲ್ಲಿ ಎರಡು ಕಾಯಿಲ್. ಹಾಗಂತ ಎಲ್ಲವನ್ನೂ ಹಂಬಕರ್‌ಗೆ ಬದಲಾಯಿಸಲು ಹೋಗಬೇಡಿ ಮತ್ತೆ. ಸಿಂಗಲ್ ಕಾಯಿಲ್‌ನಲ್ಲಿ ಮೀಟಿದ ಕ್ಷಣ ಬರುವ ಆ ಗಾಜಿನಂಥ ಚುರುಕು ಇದೆಯಲ್ಲ, ಅದಕ್ಕೋಸ್ಕರ ಸ್ವಲ್ಪ ಗುಂಯ್ ಸಹಿಸಿಕೊಳ್ಳಬಹುದು ಅನ್ನೋದು ನನ್ನ ಲೆಕ್ಕ.

ಪ್ರಶ್ನೆ: ವಾಲ್ಯೂಮ್ ನಾಬ್ ತಿರುಗಿಸಿದರೆ ಚರಚರ ಅನ್ನುತ್ತದೆ. ಮನೆಯಲ್ಲಿರುವ ಡಬ್ಲ್ಯೂಡಿ-40 ಹೊಡೆಯಲಾ?

ಉತ್ತರ: ಮಾಮೂಲಿ ಡಬ್ಬದ್ದು ಬೇಡ. ನಾಬ್ ಕೆಳಗೆ ಇರುವ ಪಾಟ್‌ನೊಳಗೆ ಕಾರ್ಬನ್ ಪಟ್ಟಿಯ ಮೇಲೆ ಪುಟ್ಟ ಲೋಹದ ನಾಲಿಗೆ ಜಾರುತ್ತಿರುತ್ತದೆ. ನಡುವೆ ಧೂಳು ಕೂತರೆ ಚರಚರ. ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ, ಪಾಟ್‌ಗೆ ಆಗುವಂಥದ್ದನ್ನು ಕೇಳಿ ತನ್ನಿ. ಪಾಟ್‌ನ ಮೂರು ಕಾಲುಗಳ ಹತ್ತಿರ ಸಣ್ಣ ಸಂದಿ ಕಾಣುತ್ತದೆ, ಅದರೊಳಗೆ ಚೂರೇ ಚೂರು ಹೊಡೆದು ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಆಮೇಲೂ ಹೋಗದಿದ್ದರೆ ಪಾಟ್ ಸವೆದಿದೆ, ಹೊಸದು ಹಾಕಿಸಿ. ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250ಕೆ (ಕಿಲೋ ಓಮ್) ಪಾಟ್, ಹಂಬಕರ್‌ಗೆ 500ಕೆ.

ನಾಬ್ ಮುಟ್ಟದೆ, ಪ್ಲಾಸ್ಟಿಕ್ ಪಿಕ್‌ಗಾರ್ಡ್ ಮೇಲೆ ಬೆರಳು ಸವರಿದಾಗ ಚಟಪಟ ಬರುತ್ತಿದ್ದರೆ ಅದು ಬೇರೆ. ಒಣ ಹವೆಯ ಸ್ಟಾಟಿಕ್ ಅದು, ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಕೇಬಲ್ ಅಲ್ಲಾಡಿಸಿದರೆ ಟಪ್ ಟಪ್ ಅಂತ ಸದ್ದು ಹೋಗಿ ಬರುತ್ತದೆ.

ಉತ್ತರ: ಬೇರೆ ಕೇಬಲ್ ಹಾಕಿ ನೋಡಿ. ಸರಿಹೋದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಗಿಟಾರಿನ ಜ್ಯಾಕ್ ನಟ್ ಸಡಿಲವಾಗಿರಬಹುದು. ಸುಮ್ನೆ ಹೊರಗಿನಿಂದ ಬಿಗಿ ಮಾಡಿದರೆ ಒಳಗೆ ಜ್ಯಾಕ್ ಪೂರ್ತಿ ತಿರುಗಿ ವೈರ್ ಕಿತ್ತುಬರುತ್ತದೆ. ಪ್ಲೇಟ್ ಬಿಚ್ಚಿ, ಒಳಗಿನ ಜ್ಯಾಕನ್ನು ಒಂದು ಕೈಯಲ್ಲಿ ಹಿಡಿದು, ಆಮೇಲೆ ನಟ್ ಬಿಗಿಮಾಡಿ.

ಪ್ರಶ್ನೆ: ಪೆಡಲ್, ಲ್ಯಾಪ್‌ಟಾಪ್, ಆಂಪ್ ಮೂರನ್ನೂ ಜೋಡಿಸಿದಾಗ ಮಾತ್ರ ಭಾರೀ ಗುಂಯ್. ಆಂಪ್ ಪ್ಲಗ್‌ನ ಅರ್ತ್ ಪಿನ್ ಮುರಿದುಬಿಟ್ಟರೆ ನಿಲ್ಲುತ್ತದೆ ಅಂತ ಗೆಳೆಯ ಹೇಳಿದ.

ಉತ್ತರ: ದಯವಿಟ್ಟು ಆ ಕೆಲಸ ಮಾಡಬೇಡಿ. ಗುಂಯ್ ನಿಲ್ಲಬಹುದು ನಿಜ, ಆದರೆ ಆಂಪ್ ಒಳಗೆ ಏನಾದರೂ ಕೆಟ್ಟರೆ ಆ ಕರೆಂಟ್ ತಂತಿಯ ಮೂಲಕ ನಿಮ್ಮ ಕೈಗೇ ಬರುತ್ತದೆ. 1972ರಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ ಶಾಕ್ ಹೊಡೆದು ತೀರಿಕೊಂಡರು. ಮುಟ್ಟಿದ್ದು ಅರ್ತಿಂಗ್ ಸರಿಯಿಲ್ಲದ ಮೈಕ್.

ನಿಮ್ಮದು ಗ್ರೌಂಡ್ ಲೂಪ್ ಇರಬೇಕು, ಅಂದರೆ ಉಪಕರಣಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್ ಸೇರಿ ಒಂದು ಸುತ್ತು ಆಗಿಬಿಟ್ಟಿರುವುದು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಎಷ್ಟೋ ಸಲ ಅದೊಂದೇ ಕಾರಣ. ಆಮೇಲೆ ಪೆಡಲ್‌ಗಳು: ಒಂದೇ ಅಡಾಪ್ಟರಿನಿಂದ ಸಾಲಾಗಿ ಕರೆಂಟ್ ಕೊಟ್ಟಿದ್ದರೆ ಒಂದರ ಗಲಾಟೆ ಇನ್ನೊಂದಕ್ಕೆ ಹೋಗುತ್ತದೆ. ಬ್ಯಾಟರಿ ಹಾಕಲು ಬರುವ ಪೆಡಲ್‌ಗಳಿಗೆ 9 ವೋಲ್ಟ್ ಬ್ಯಾಟರಿ ಹಾಕಿ ಪರೀಕ್ಷಿಸಿ. ಸದ್ದು ಹೋದರೆ ಪ್ರತಿ ಪೆಡಲ್‌ಗೂ ಬೇರೆಬೇರೆ ಲೈನ್ ಇರುವ ಐಸೊಲೇಟೆಡ್ ಪವರ್ ಸಪ್ಲೈ ಕೊಳ್ಳಿ. ಗೇಟ್‌ಗೆ ಸುರಿಯುವ ದುಡ್ಡು ಇಲ್ಲಿಗೆ ಹಾಕುವುದು ವಾಸಿ.

ಪ್ರಶ್ನೆ: ಆರನೇ ತಂತಿ ಮೀಟಿದರೆ ಝರ್ ಅನ್ನುತ್ತದೆ. ಇದೂ ಗ್ರೌಂಡ್ ತೊಂದರೆಯಾ?

ಉತ್ತರ: ಆಂಪ್ ಆಫ್ ಮಾಡಿ ಮೀಟಿ. ಆಗಲೂ ಝರ್ ಅಂದರೆ ತಂತಿ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಯಾದ ಫ್ರೆಟ್‌ಗೆ ತಾಗುತ್ತಿದೆ. ಆಂಪ್‌ನಲ್ಲಿ ಅದು ಕೇಳಿಸದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕೇಳಿಸಿದರೆ ಬ್ರಿಜ್‌ನಲ್ಲಿ ಆ ತಂತಿಯನ್ನು ಒಂಚೂರು ಎತ್ತರಿಸಿ, ಸಾಕು.

ಪ್ರಶ್ನೆ: ಆಂಪ್‌ನಲ್ಲಿ ಗೇನ್ (ಒಳಬರುವ ಸಿಗ್ನಲ್ ಹಿಗ್ಗಿಸುವ ನಾಬ್) ಏರಿಸಿದರೆ ಕೀಂಯ್ ಅಂತ ಕಿರುಚುತ್ತದೆ. ದೊಡ್ಡ ವಾದಕರು ಇದನ್ನೇ ಬೇಕಂತ ಮಾಡುತ್ತಾರಲ್ವಾ?

ಉತ್ತರ: ಅವರು ಮಾಡುವುದೇ ಬೇರೆ. ಕಿರುಚುವಾಗ ಅಂಗೈಯಿಂದ ಆರೂ ತಂತಿ ಒತ್ತಿ ಹಿಡಿಯಿರಿ. ನಿಂತರೆ ಅದು, ಆಂಪ್‌ನ ಸದ್ದೇ ತಂತಿಯನ್ನು ಮತ್ತೆ ಅಲುಗಿಸುವುದರಿಂದ ಬರುವ, ತಂತಿಯ ಫೀಡ್‌ಬ್ಯಾಕ್, ಸಂಗೀತಕ್ಕೆ ಬರುವಂಥದ್ದು. ನಿಲ್ಲದೆ ಇನ್ನೂ ಚೂಪಾಗಿ ಕಿರುಚಿದರೆ ಪಿಕಪ್‌ನೊಳಗಿನ ವೈರ್ ಸಡಿಲವಾಗಿ ಅದೇ ಅದುರುತ್ತಿದೆ. ಪಿಕ್‌ನಿಂದ ಪಿಕಪ್ ಮೇಲೆ ಮೆಲ್ಲಗೆ ತಟ್ಟಿ. ಮೈಕ್ ತಟ್ಟಿದ ಹಾಗೆ ಜೋರಾಗಿ ಟಕ್ ಟಕ್ ಅಂದರೆ ಅನುಮಾನವೇ ಬೇಡ. ಬಲ್ಲವರ ಹತ್ತಿರ ಕೊಟ್ಟು ಪಿಕಪ್ ಅನ್ನು ಕಾದ ಮೇಣದಲ್ಲಿ ಅದ್ದಿಸಿ, ಸಡಿಲ ವೈರ್ ಅಂಟಿ ನಿಲ್ಲುತ್ತದೆ; ಮನೆಯ ಒಲೆಯ ಮೇಲೆ ಮೇಣ ಕಾಯಿಸುವ ಸಾಹಸ ಬೇಡ, ಬೆಂಕಿ ಹತ್ತುತ್ತದೆ.

ತಂತಿಯದ್ದೇ ಆಗಿದ್ದರೆ ಖುಷಿಪಡಿ. ಗೇನ್ ಸ್ವಲ್ಪ ಇಳಿಸಿ, ಆಂಪ್ ಜೋರು ಮಾಡಿ, ಒಂದು ಸ್ವರ ಒತ್ತಿ ಹಿಡಿದು ಆಂಪ್ ಕಡೆ ತಿರುಗಿ ಅರ್ಧ ಹೆಜ್ಜೆ ಹಿಂದೆ ಮುಂದೆ ಸರಿಯುತ್ತಾ ಹೋಗಿ. ಒಂದು ಜಾಗದಲ್ಲಿ ಸ್ವರ ಸಾಯದೆ ನಿಲ್ಲುತ್ತದೆ, ಇನ್ನೊಂದರಲ್ಲಿ ತಾನಾಗಿಯೇ ಮೇಲಿನ ಸ್ವರಕ್ಕೆ ಜಿಗಿಯುತ್ತದೆ. ಆ ಜಾಗಗಳಲ್ಲಿ ನೆಲಕ್ಕೆ ಟೇಪ್ ಅಂಟಿಸಿಕೊಳ್ಳಿ. ಕಿವಿಗೆ ಇಯರ್‌ಪ್ಲಗ್ ಇರಲಿ.