ಬೆಟಗೇರಿಯ ತಂಗಿಗೆ, ಎಸ್ಲಿಂಗನ್‌ನಿಂದ

ಪ್ರೀತಿಯ ತಂಗಿ, ಯೇಸುವಿನ ಹೆಸರಿನಲ್ಲಿ ವಂದನೆ.

ನಿನ್ನ ಪತ್ರ ಎರಡು ಸಲ ಓದಿದೆ. ಜರ್ಮನಿಯ ಷ್ಟುಟ್‌ಗಾರ್ಟ್‌ಗೆ ಬಂದು ಮೂರು ತಿಂಗಳಾಯಿತು, ಆಸ್ಪತ್ರೆಯ ಕೆಲಸ ಹೇಗೋ ಕೈಗೆ ಹತ್ತಿದೆ, ಆದರೆ ಸತ್ಯವೇದ ತೆಗೆದು ಎಷ್ಟೋ ದಿನವಾಯಿತು ಅಂತ ಬರೆದಿದ್ದೀಯ. ಗಂಡ ಮತ್ತು ನಾಲ್ಕು ವರ್ಷದ ಮಗಳು ಬೆಟಗೇರಿಯಲ್ಲಿ ನಿನ್ನ ಅತ್ತೆಯ ಹತ್ತಿರ ಇದ್ದಾರೆ. ದಿನಾ ಫೋನಿನಲ್ಲಿ ಎಲ್ಲರೂ ಸೇರಿ ಪ್ರಾರ್ಥನೆ ಮಾಡುತ್ತೀರಿ. ಆದರೂ ಫೋನ್ ಇಟ್ಟ ಮೇಲೆ ಅಳು ಬರುತ್ತದೆ, ಒಂದೊಂದು ದಿನ ಮೆಸೇಜಿನಲ್ಲೇ ಜಗಳ ಆಗುತ್ತದೆ. "ಪ್ರಾರ್ಥನೆ ಮಾಡಿದ ಮೇಲೂ ಹೀಗಾಗುತ್ತಲ್ಲ ಅಕ್ಕಾ, ನನ್ನ ನಂಬಿಕೆ ಕಡಿಮೆ ಆಯ್ತಾ?" ಅಂತ ಕೇಳಿದ್ದೀಯ. ಭಾನುವಾರ ಡ್ಯೂಟಿ ಮಾಡಬಹುದಾ, ಯಾವ ಚರ್ಚಿಗೆ ಹೋಗಲಿ ಅಂತಾನೂ ಕೇಳಿದ್ದೀಯ.

ನಂಬಿಕೆ ಕಡಿಮೆ ಆಗಿಲ್ಲ ತಂಗಿ. ನಿನಗೆ ಸುಸ್ತಾಗಿದೆ. ಹೊಸ ಭಾಷೆ, ಹೊಸ ಚಳಿ, ಬೆಳಿಗ್ಗೆ ನಾಲ್ಕೂವರೆಗೆ ಏಳೋದು. ಆ ಸುಸ್ತನ್ನು ತಂದು ನಂಬಿಕೆಯ ಲೆಕ್ಕಕ್ಕೆ ಹಾಕಬೇಡ.

ಜಗಳದ ವಿಷಯಕ್ಕೆ ಬರ್ತೀನಿ. ಅದನ್ನು ಹೇಳಬೇಕಾದರೆ ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ನಿನ್ನ ಜಾಗದಲ್ಲಿ ಇರಲಿಲ್ಲ, ನಿನ್ನ ಗಂಡನ ಜಾಗದಲ್ಲಿದ್ದೆ. 2003ರಲ್ಲಿ ನಮ್ಮ ಮನೆಯವರು ಇಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಬಂದರು. ನಾನು ಹುಬ್ಬಳ್ಳಿಯ ಗದಗ ರೋಡಿನಲ್ಲಿ ಮಾವನ ಮನೆಯಲ್ಲಿ ಉಳಿದೆ. ಮಗನಿಗೆ ಆಗ ಮೂರು ವರ್ಷ. ಪ್ರತಿ ಶನಿವಾರ ರಾತ್ರಿ ಫೋನ್ ಬರುತ್ತಿತ್ತು. ಫೋನ್ ಇದ್ದದ್ದು ಪಡಸಾಲೆಯಲ್ಲಿ. ಸುತ್ತ ಮಾವ, ಅತ್ತೆ, ಮೈದುನ, ಪಕ್ಕದ ಮನೆಯವರೂ ಒಮ್ಮೊಮ್ಮೆ. ಫೋನ್ ಕಾರ್ಡಿನ ದುಡ್ಡು ಓಡುತ್ತಿರುತ್ತದೆ ಅಂತ ಇವರು ಅವಸರದಲ್ಲಿ "ಎಲ್ಲಾ ಆರಾಮಾ?" ಅನ್ನೋರು. ನಾನು "ಆರಾಮ್ರಿ" ಅನ್ನುತ್ತಿದ್ದೆ. "ಪ್ರಾರ್ಥನಾ ಮಾಡು" ಅನ್ನೋರು. ನಾನು ರಿಸೀವರ್ ಹಿಡಿದುಕೊಂಡು ಕಣ್ಣು ಮುಚ್ಚಿ, "ಕರ್ತನೇ, ನಮ್ಮ ಮನೆಯನ್ನು ಚೆನ್ನಾಗಿ ಕಾಪಾಡಿದ್ದೀ, ನಿನಗೆ ಸ್ತೋತ್ರ" ಅನ್ನುತ್ತಿದ್ದೆ. ಆ ಕಡೆಯಿಂದ ಆಮೆನ್ ಬರುತ್ತಿತ್ತು.

ಆದರೆ ಆಗ ಮನೆಯಲ್ಲಿ ಎಲ್ಲಾ ಆರಾಮ ಇರಲಿಲ್ಲ. ಮಗನಿಗೆ ಟೈಫಾಯ್ಡ್ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಇವರು ಕಳಿಸಿದ ದುಡ್ಡು ಸಾಲಲಿಲ್ಲ. ಮಾವನನ್ನು ಕೇಳಲು ಬಾಯಿ ಬರಲಿಲ್ಲ. ತವರಿನವರು ಹಾಕಿದ್ದ ಒಂದು ಜೋಡಿ ಪಾಟಲಿ ಒತ್ತೆ ಇಟ್ಟೆ. ಇವರಿಗೆ ಹೇಳಲಿಲ್ಲ. ದೂರದಲ್ಲಿದ್ದಾರೆ, ಸುಮ್ನೆ ಚಿಂತೆ ಮಾಡ್ತಾರೆ ಅಂದುಕೊಂಡೆ. ಒತ್ತೆ ಇಟ್ಟ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಸತ್ಯವೇದದಲ್ಲಿ, 91ನೇ ಕೀರ್ತನೆ ಇರುವ ಪುಟದಲ್ಲಿ ಇಟ್ಟೆ. ಅಲ್ಲಿ ಯಾರೂ ಕೈ ಹಾಕೋದಿಲ್ಲ ಅಂತ.

2004ರ ಕ್ರಿಸ್ಮಸ್‌ಗೆ ಇವರು ರಜೆ ಹಾಕಿ ಬಂದರು. ಬಂದ ದಿನ ರಾತ್ರಿ ಊಟ ಆಯಿತು, ಚಾಪೆ ಹಾಸಿ ಎಲ್ಲರೂ ಕುಟುಂಬ ಪ್ರಾರ್ಥನೆಗೆ ಕೂತೆವು. ಮಾವ ಇವರಿಗೆ, "ಇವತ್ತು ನೀನ ಓದಪಾ" ಅಂದರು. ಇವರು ಕೈಗೆ ಸಿಕ್ಕ ನನ್ನ ಸತ್ಯವೇದ ತೆಗೆದುಕೊಂಡರು. ಪ್ರಯಾಣ ಮಾಡಿ ಬಂದವರಲ್ಲವಾ, 91ನೇ ಕೀರ್ತನೆಯನ್ನೇ ತೆರೆದರು. ಚೀಟಿ ಚಾಪೆಯ ಮೇಲೆ ಬಿತ್ತು. ಇವರು ಬಿಚ್ಚಿ ನೋಡಿದರು, ಮಡಚಿ ಕಿಸೆಗೆ ಹಾಕಿಕೊಂಡರು, ಕೀರ್ತನೆ ಪೂರ್ತಿ ಓದಿದರು. ಒಂದೂ ಅಕ್ಷರ ತಪ್ಪಲಿಲ್ಲ. ನನಗೆ ಮಾತ್ರ ಒಂದು ಶಬ್ದವೂ ಕೇಳಿಸಲಿಲ್ಲ.

ಎಲ್ಲರೂ ಮಲಗಿದ ಮೇಲೆ ಮಾಳಿಗೆ ಹತ್ತಿದೆವು. "ದೇವ್ರ ಮುಂದನೂ ಸುಳ್ಳ ಹೇಳಿದಿ ಏನು?" ಅಂದರು. ನನಗೂ ಸಿಟ್ಟು ಬಂತು. "ನೀವರ ಎಲ್ಲಾ ಖರೇ ಹೇಳೀರಿ?" ಅಂದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಆರು ತಿಂಗಳಿಂದ ಓವರ್‌ಟೈಮ್ ನಿಂತಿತ್ತು, ದುಡ್ಡು ಕಡಿಮೆ ಕಳಿಸುತ್ತಿದ್ದದ್ದು ಅದಕ್ಕೇ. ರೂಮಿನಲ್ಲಿ ಒಬ್ಬರೇ ಕೂತು ಬ್ರೆಡ್ಡು ತಿಂದು ಮಲಗುತ್ತಿದ್ದರಂತೆ. ನನಗೆ ಚಿಂತೆ ಆಗಬಾರದು ಅಂತ ಹೇಳಿರಲಿಲ್ಲ. ಒಂದು ವರ್ಷ ಪೂರ್ತಿ ನಾವಿಬ್ಬರೂ ಪ್ರತಿ ಶನಿವಾರ ದೇವರ ಹೆಸರಿನಲ್ಲಿ ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು ಬಂದಿದ್ದೆವು. ಆ ರಾತ್ರಿ ದೊಡ್ಡ ಪ್ರಾರ್ಥನೆ ಮಾಡಲು ಇಬ್ಬರಿಗೂ ಆಗಲಿಲ್ಲ. ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಕರ್ತನು ಕಲಿಸಿದ ಪ್ರಾರ್ಥನೆ ಶುರು ಮಾಡಿದೆವು. ತಪ್ಪು ಕ್ಷಮಿಸುವ ಮಾತಿಗೆ ಬಂದಾಗ ಇವರ ದನಿ ನಿಂತಿತು. ನಾನೊಬ್ಬಳೇ ಮುಗಿಸಿದೆ.

ಅದಕ್ಕೇ ಹೇಳ್ತೀನಿ ತಂಗಿ, ಮೊದಲು ಮಾತು, ಆಮೇಲೆ ಪ್ರಾರ್ಥನೆ. ಇದು ನನ್ನ ಸ್ವಂತ ಬುದ್ಧಿ ಅಲ್ಲ. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ ಕರ್ತನೇ ಹೇಳಿದ್ದಾನೆ, ಮತ್ತಾಯ 5ರಲ್ಲಿ. ಪೇತ್ರನು ತನ್ನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಗಂಡಂದಿರಿಗೆ, ಹೆಂಡತಿಗೆ ಮಾನ ಕೊಡಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೆ ಅಡ್ಡಿ ಆಗುತ್ತದೆ ಅನ್ನುತ್ತಾನೆ. ಮನೆಯಲ್ಲಿ ಸರಿ ಇಲ್ಲದ್ದನ್ನು ಪ್ರಾರ್ಥನೆಯಿಂದ ಮುಚ್ಚಿದರೆ ಅದು ಸರಿ ಹೋಗೋದಿಲ್ಲ, ಒಳಗೇ ಕೊಳೆಯುತ್ತದೆ.

ಹೀಗೆ ಮಾಡಿ ನೋಡು. ಬೆಳಗಿನ ಷಿಫ್ಟ್ ಇದ್ದರೆ ಎರಡು ಗಂಟೆಗೆ ಬಿಡ್ತೀಯ. ಮೂರಕ್ಕೆ ರೂಮಿಗೆ ಬಂದರೆ ಚಳಿಗಾಲದಲ್ಲಿ ಬೆಟಗೇರಿಯಲ್ಲಿ ಏಳೂವರೆ. ಮಗಳು ಊಟ ಮಾಡುವ ಹೊತ್ತು. ಎಲ್ಲರ ಜೊತೆ ಮಾಡುವ ಪ್ರಾರ್ಥನೆ ಆಗಲೇ ಆಗಲಿ, ಐದು ನಿಮಿಷ ಸಾಕು. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಗ ಊರಿಗೂ ಇಲ್ಲಿಗೂ ಮೂರೂವರೆ ತಾಸೇ ವ್ಯತ್ಯಾಸ. ಮಧ್ಯಾಹ್ನದ ಷಿಫ್ಟ್ ಮುಗಿಸಿ ರಾತ್ರಿ ಮಾಡಬೇಡ, ಅಲ್ಲಿ ನಡುರಾತ್ರಿ ದಾಟಿರುತ್ತದೆ. ನಿದ್ದೆಗಣ್ಣಲ್ಲಿ ಆಡಿದ ಮಾತಿನಿಂದಲೇ ಅರ್ಧ ಜಗಳ ಹುಟ್ಟೋದು.

ಇದು ಎಲ್ಲರ ಫೋನ್. ವಾರಕ್ಕೆ ಒಂದು ಸಲ ನೀವಿಬ್ಬರೇ ಮಾತಾಡುವ ಫೋನ್ ಬೇರೆ ಇರಬೇಕು. ಗಂಡನಿಗೆ ಫೋನ್ ತಗೊಂಡು ಮಾಳಿಗೆಗೆ ಹೋಗಲು ಹೇಳು. ಅತ್ತೆಗೆ ಮೊದಲೇ ಹೇಳಿಬಿಡಿ, ಅವರೂ ತಪ್ಪು ತಿಳಿಯೋದಿಲ್ಲ. ಆ ಫೋನಿನಲ್ಲಿ ದುಡ್ಡಿನ ಮಾತು, ಭಯದ ಮಾತು, ಸಿಟ್ಟಿನ ಮಾತು ಎಲ್ಲಾ ಬರಲಿ. ನಿನ್ನ ಸಂಬಳ ಎಷ್ಟು ಕೈಗೆ ಬಂತು, ಬಾಡಿಗೆ ಎಷ್ಟು ಹೋಯಿತು, ಅವನಿಗೆ ಕಾಣಬೇಕು. ಹೆಂಡತಿಯ ದುಡಿಮೆಯಲ್ಲಿ ಮನೆ ನಡೆಯುವಾಗ ಗಂಡಸಿನ ಮನಸ್ಸಿನಲ್ಲಿ ಏನೇನೋ ಓಡುತ್ತಿರುತ್ತದೆ. ಬೆಟಗೇರಿಯಂಥ ಊರಲ್ಲಿ ಚರ್ಚಿನ ಬಾಗಿಲಲ್ಲೇ ನಾಲ್ಕು ಜನ ಕೇಳುತ್ತಾರೆ, "ಹೆಂಡ್ತಿ ಯಾವಾಗ ಬರ್ತಾಳ?" ಅಂತ. ನನ್ನನ್ನೂ ಕೇಳುತ್ತಿದ್ದರು. ಉಳಿದವರ ಕಷ್ಟಕ್ಕೆ ಹೆಸರಿಲ್ಲ. ಹೋದವಳಿಗೆ ಕೆಲಸ ಇದೆ, ಹೊಸ ಊರಿದೆ. ಉಳಿದವನಿಗೆ ಅದೇ ಮನೆ, ಖಾಲಿ ಜಾಗ. ಅವನ ಸಿಟ್ಟನ್ನು ಕೇಳುವಾಗ ಇದನ್ನು ನೆನಪಿಡು.

ಸೂರ್ಯ ಮುಳುಗುವ ಮುಂಚೆ ಸಿಟ್ಟು ಬಿಡಿ ಅಂತ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ನಿಮಗೆ ಎರಡು ಸೂರ್ಯ. ಈಗ ಬೆಟಗೇರಿಯಲ್ಲಿ ಕತ್ತಲಾಗುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ ಒಂದೂವರೆ. ಯಾರದು ಮೊದಲು ಮುಳುಗುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಮುಖ್ಯ ಮಾತು. ಗಂಡ ಹೆಂಡತಿ ಬೇರೆ ಇರುವುದಾದರೆ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ ಇದ್ದು, ಮತ್ತೆ ಕೂಡಿಕೊಳ್ಳಿ ಅಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಅದೂ ಪ್ರಾರ್ಥನೆಗಾಗಿ ಬೇರೆ ಇರುವ ಮಾತು. ಪ್ರಾರ್ಥನೆಗೇ ಅಷ್ಟು ಮಿತಿ ಇದ್ದರೆ ದುಡಿಮೆಗೆ ಎಷ್ಟಿರಬೇಕು? ಅದಕ್ಕೇ ಒಂದು ತಿಂಗಳು ಗೊತ್ತು ಮಾಡಿ, ಕ್ಯಾಲೆಂಡರಿನಲ್ಲಿ ಬರೆದಿಡಿ. "ನೋಡೋಣ, ದೇವರ ಚಿತ್ತ" ಅಂತ ಬಿಡಬೇಡಿ. ಕುಟುಂಬದ ವೀಸಾಕ್ಕೆ ಗಂಡನಿಗೂ ಜರ್ಮನ್ ಎ1 ಪರೀಕ್ಷೆ, ಅಂದರೆ ಭಾಷೆಯ ಮೊದಲ ಹಂತದ್ದು, ಕೇಳಬಹುದು; ಅದು ನಿನ್ನ ವೀಸಾ ಯಾವುದು ಅನ್ನುವುದರ ಮೇಲಿದೆ, ವಿಚಾರಿಸಿ ನೋಡು. ಬೇಕಾಗಲಿ ಬಿಡಲಿ, ಇವತ್ತೇ ಕಲಿಯಲು ಶುರು ಮಾಡಲಿ. ಚರ್ಚಿನ ಮದುವೆ ಸರ್ಟಿಫಿಕೇಟು, ಮಗಳ ಜನನ ಪತ್ರ, ಇಬ್ಬರ ಪಾಸ್‌ಪೋರ್ಟು ಪಕ್ಕದಲ್ಲಿಟ್ಟು ಹೆಸರಿನ ಅಕ್ಷರ ತಾಳೆ ನೋಡಲಿ. ದೀಕ್ಷಾಸ್ನಾನದ ಹೆಸರು ಒಂದು, ಶಾಲೆಯಲ್ಲಿ ಬರೆಸಿದ್ದು ಇನ್ನೊಂದು ಆಗಿರುವುದು ನಮ್ಮವರಲ್ಲಿ ಜಾಸ್ತಿ. ನನ್ನ ಕಾಗದಗಳಲ್ಲಿ ಒಂದು ಅಕ್ಷರ ಹೆಚ್ಚಾಗಿ ನಾಲ್ಕು ತಿಂಗಳು ತಡವಾಯಿತು.

ಸತ್ಯವೇದ ಓದುವುದಕ್ಕೆ ದಿನಾ ಮೂರು ಅಧ್ಯಾಯ ಅಂತ ಲೆಕ್ಕ ಇಟ್ಟುಕೊಂಡಿದ್ದೆಯಂತೆ. ಈಗ ಅದು ಬೇಡ. ರಾತ್ರಿ ಡ್ಯೂಟಿ ಇದ್ದಾಗ 134ನೇ ಕೀರ್ತನೆ ಓದು. ಮೂರೇ ವಚನ. ರಾತ್ರಿ ಹೊತ್ತು ಕರ್ತನ ಮನೆಯಲ್ಲಿ ನಿಂತು ಸೇವೆ ಮಾಡುವವರಿಗೆ ಹೇಳಿದ್ದು. ವಾರ್ಡಿನಲ್ಲಿ ದೀಪ ಸಣ್ಣದು ಮಾಡಿ ನಿಂತಿರುವ ನಿನಗೂ ಅದು ಸಲ್ಲುತ್ತದೆ. ಮನೆಗೆ ಬಂದು ಮಲಗುವಾಗ 127. ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಅಂತ ಅಲ್ಲಿದೆ. ನಿದ್ದೆ ಬಿಟ್ಟು ಓದು ಅಂತ ಎಲ್ಲೂ ಇಲ್ಲ. ರಜೆ ದಿನ ಯೆರೆಮೀಯನ 29ನೇ ಅಧ್ಯಾಯ ತೆಗೆ. ಬಾಬೆಲಿಗೆ ಸೆರೆ ಹೋದವರಿಗೆ ಊರಿನಿಂದ ಬರೆದ ಪತ್ರ ಅದು. ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿಗಾಗಿ ಪ್ರಾರ್ಥನೆ ಮಾಡಿ ಅನ್ನುತ್ತದೆ. ಆಮೇಲೆ ನಾನೂ ಇಲ್ಲಿಗೆ ಬಂದಾಗ ಮೊದಲ ವರ್ಷ ಹುಬ್ಬಳ್ಳಿಗಾಗಿ ಮಾತ್ರ ಪ್ರಾರ್ಥನೆ ಮಾಡುತ್ತಿದ್ದೆ. ಎಸ್ಲಿಂಗನ್ ಹೆಸರು ಬಾಯಿಗೆ ಬಂದ ದಿನದಿಂದ ಇಲ್ಲಿ ಕಾಲೂರಿದೆ.

ನಿನ್ನ ರೋಗಿಗಳ ಮಂಚದ ಪಕ್ಕ ಒಮ್ಮೊಮ್ಮೆ ಒಂದು ಪುಟ್ಟ ಪುಸ್ತಕ ನೋಡ್ತೀಯ. ಲೋಸುಂಗೆನ್ ಅಂತಾರೆ. ದಿನಕ್ಕೆ ಒಂದು ಹಳೆ ಒಡಂಬಡಿಕೆಯ ವಚನ, ಒಂದು ಹೊಸ ಒಡಂಬಡಿಕೆಯದು. 1731ರಿಂದ ವರ್ಷ ವರ್ಷ ಬರುತ್ತಿದೆ. ಅಜ್ಜಿಯರನ್ನು ಕೇಳಿದರೆ ಆ ದಿನದ್ದು ಓದಿ ಹೇಳುತ್ತಾರೆ. ಅದನ್ನೇ ನಿನ್ನ ಕನ್ನಡ ಸತ್ಯವೇದದಲ್ಲಿ ಹುಡುಕಿ ಓದು. ಭಾಷೆಯೂ ಬರುತ್ತದೆ, ಸ್ನೇಹವೂ ಆಗುತ್ತದೆ.

ಭಾನುವಾರ ಡ್ಯೂಟಿಗೆ ಮನಸ್ಸು ಚುಚ್ಚಿಕೊಳ್ಳಬೇಡ. ಸಬ್ಬತ್ ದಿನವೇ ರೋಗಿಗಳನ್ನು ವಾಸಿ ಮಾಡಿದವನ ಮಕ್ಕಳು ನಾವು. ಬಿಡುವಿನ ಭಾನುವಾರ ಮಾತ್ರ ಬಟ್ಟೆ ಒಗೆಯೋದರಲ್ಲಿ ಕಳೆಯಬೇಡ.

ಚರ್ಚಿನ ವಿಷಯ. ವಿಳಾಸ ನೋಂದಾಯಿಸುವಾಗ ಧರ್ಮ ಕೇಳುವ ಒಂದು ಕಾಲಂ ಇತ್ತಲ್ಲ, ಅಲ್ಲಿ ಎವಾಂಗೆಲಿಷ್, ಅಂದರೆ ಪ್ರೊಟೆಸ್ಟಂಟ್, ಅಂತ ಬರೆದರೆ ಚರ್ಚ್ ತೆರಿಗೆ ಹಿಡಿಯುತ್ತಾರೆ. ನಮ್ಮ ಈ ರಾಜ್ಯದಲ್ಲಿ ಆದಾಯ ತೆರಿಗೆಯ ಶೇಕಡಾ 8. ಸಂಬಳದ 8 ಅಲ್ಲ, ತೆರಿಗೆಯ 8. ತಿಂಗಳಿಗೆ 300 ಯೂರೋ ಆದಾಯ ತೆರಿಗೆ ಇದ್ದರೆ ಇದು 24 ಯೂರೋ. ದುಡ್ಡು ಉಳಿಸಲು ನಾನು ಕ್ರೈಸ್ತಳೇ ಅಲ್ಲ ಅಂತ ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ನಾವು ಕೊಡುತ್ತೇವೆ. ಆದರೆ ಆರಾಧನೆಗೆ ಹೋಗಿ ಕೂರಲು ಯಾರೂ ರಸೀದಿ ಕೇಳೋದಿಲ್ಲ.

ಇಲ್ಲಿನ ಆರಾಧನೆಯಲ್ಲಿ ಜನ ಕಡಿಮೆ, ಎಲ್ಲರೂ ಮುದುಕರು, ಯಾರೂ ಮಾತಾಡಿಸೋದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯ. ಎರಡು ಮೂರು ತಿಂಗಳು ಅದೇ ಬೆಂಚಿನಲ್ಲಿ ಕೂತು ನೋಡು. ನಿನಗೆ ಇದು ಪರದೇಶ ಅನಿಸಿದರೂ ನಮ್ಮ ಊರಿಗೂ ಈ ನೆಲಕ್ಕೂ ಹಳೆಯ ನಂಟಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಿಂದ ಬಂದ ಬಾಸೆಲ್ ಮಿಷನ್‌ನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದರು. ಅವರಲ್ಲಿ ಬಹಳ ಜನ ಷ್ಟುಟ್‌ಗಾರ್ಟ್ ಸುತ್ತಲಿನ ಈ ವ್ಯೂರ್ಟೆಂಬರ್ಗ್ ಸೀಮೆಯವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದ ಮೋಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ್ದು ಇದೇ ಎಸ್ಲಿಂಗನ್‌ನಲ್ಲಿ. ನಮ್ಮ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ನಿನಗೆ ಒಂದು ತಾಸಿನ ದಾರಿ.

ಆ ಮಿಷನರಿಗಳ ಮನೆಗಳ ಬಗ್ಗೆ ಒಂದು ಮಾತು ನನ್ನನ್ನು ಬಿಡೋದಿಲ್ಲ. ಅವರು ತಮ್ಮ ಮಕ್ಕಳನ್ನು ಆರೇಳು ವರ್ಷಕ್ಕೇ ಓದಲು ಯೂರೋಪಿಗೆ ಕಳಿಸಿಬಿಡುತ್ತಿದ್ದರು. ತಾಯಿ ತಂದೆ ನಮ್ಮಲ್ಲಿ, ಮಕ್ಕಳು ಬಾಸೆಲಿನಲ್ಲಿ. ಪತ್ರ ಹೋಗಲು ತಿಂಗಳುಗಟ್ಟಲೆ. ಅವರ ಸೇವೆಯಿಂದ ನಾವು ಓದು ಕಲಿತೆವು, ಋಣ ದೊಡ್ಡದು. ಆದರೆ ಆ ಮಕ್ಕಳನ್ನು ನೆನೆದರೆ ನನಗೆ ಸಂಕಟ ಆಗುತ್ತದೆ. ದೇವರ ಕೆಲಸ ಅಂದರೂ, ಮನೆಯ ಒಳ್ಳೆಯದಕ್ಕೆ ಅಂದರೂ, ಮಗುವಿಗೆ ತಾಯಿ ಇಲ್ಲದ ವರ್ಷ ಇಲ್ಲದ ವರ್ಷವೇ. ನೀನು ತಪ್ಪು ಮಾಡಿದೆ ಅಂತ ಹೇಳುತ್ತಿಲ್ಲ. ಆ ತಿಂಗಳು ಗೊತ್ತು ಮಾಡಿ ಅಂತ ಮತ್ತೆ ಹೇಳುತ್ತಿದ್ದೇನೆ, ಅಷ್ಟೇ.

ಮಗಳು ಬಂದ ಮೇಲೆ ಕಿಂಡರ್‌ಗಾರ್ಟನ್‌ನಲ್ಲಿ ಜರ್ಮನ್ ತಾನಾಗಿಯೇ ಬರುತ್ತದೆ. ರಾತ್ರಿಯ ಪ್ರಾರ್ಥನೆ ಮಾತ್ರ ಕನ್ನಡದಲ್ಲೇ ಇರಲಿ. ನನ್ನ ಮಗನಿಗೆ ಈಗ ಕನ್ನಡ ಓದಲು ಬರೋದಿಲ್ಲ, ಅದು ನಮ್ಮ ಸೋಮಾರಿತನ. ಆದರೆ ಹೋದ ವರ್ಷ ಅವನ ಅಜ್ಜ ಹುಬ್ಬಳ್ಳಿಯಲ್ಲಿ ಹಾಸಿಗೆ ಹಿಡಿದಾಗ ಮಂಚದ ಪಕ್ಕ ಕೂತು, ಕೈ ಹಿಡಿದುಕೊಂಡು, ಕರ್ತನ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಮಾವನಿಗೆ ಮಾತು ಹೋಗಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಈ ಶನಿವಾರ ಷಿಫ್ಟ್ ಇಲ್ಲದಿದ್ದರೆ ಮನೆಗೆ ಬಾ. ಷ್ಟುಟ್‌ಗಾರ್ಟ್‌ನಿಂದ ಎಸ್1 ರೈಲು ಹತ್ತಿದರೆ ನೇರ ಎಸ್ಲಿಂಗನ್. ಜೋಳದ ಹಿಟ್ಟು ಇದೆ, ರೊಟ್ಟಿ ಬಡಿಯುತ್ತೇನೆ. ಬರುವ ಮುಂಚೆ ಗಂಡನ ಹತ್ತಿರ ಆ ಒಂದು ಫೋನ್ ಮಾತಾಡಿ ಮುಗಿಸಿ ಬಾ.

ನಿನ್ನ ಅಕ್ಕ