ಗದ್ದೆ ಕೆಲಸ ಕಲಿಯಲು ಕಾಲೇಜು ಯಾಕೆ?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಪಿಯುಸಿ ಬೇಡ, ಕೃಷಿ ಡಿಪ್ಲೊಮಾ ಮಾಡ್ತೇನೆ ಅಂತ ಹಟ ಹಿಡಿದಿದ್ದಾಳೆ. ನಮಗೆ ಒಂದು ಎಕರೆ ಅಡಿಕೆ ತೋಟ, ಸ್ವಲ್ಪ ಮಜಲು (ನಡು ಎತ್ತರದ) ಗದ್ದೆ ಇದೆ. ‘ಗದ್ದೆ ಕೆಲಸ ಕಲಿಯಲು ಕಾಲೇಜು ಯಾಕೆ, ಮನೆಯಲ್ಲೇ ಕಲಿಸಿದರೆ ಸಾಲದಾ?’ ಅಂತ ನನ್ನ ಅಣ್ಣ ಕೇಳ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಪೆರ್ಡೂರು

ಉತ್ತರ: ಅಕ್ಕ, ಕಳಿಸಿ. ಕಾಲೇಜಿಗೆ ಹೋಗದೆ 30 ವರ್ಷ ತೋಟ ಮಾಡಿದವನು ನಾನು. ಅದಕ್ಕೇ ಹೇಳ್ತಿದ್ದೇನೆ.

ಒಂದು ಮಳೆಗಾಲ ನಮ್ಮ ಅಡಿಕೆ ಅರ್ಧಕ್ಕರ್ಧ ಕೊಳೆರೋಗಕ್ಕೆ ಹೋಯಿತು. ಮದ್ದು ಸಿಂಪಡಿಸಿರಲಿಲ್ಲ ಅಂತಲ್ಲ. ಅಪ್ಪ ಹೇಳಿಕೊಟ್ಟ ಲೆಕ್ಕದಲ್ಲೇ, 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೊ ಸುಣ್ಣ ಹಾಕಿದ್ದೆ. ಆದರೂ ಎಳೆ ಕಾಯಿ ಸುಟ್ಟ ಹಾಗಾಯಿತು, ಉಳಿದದ್ದು ಕೊಳೆತು ಉದುರಿತು.

ಯಾಕೆ ಅಂತ ಗೊತ್ತಾದದ್ದು ಮರುವರ್ಷ, ಒಂದು ತರಬೇತಿಯಲ್ಲಿ. ಹೇಳಿಕೊಡುವವರು ಮದ್ದಿನ ಬಕೆಟಿಗೆ ಹೊಳೆಯುವ ಚೂರಿ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು, ಅಂದರೆ ಸುಣ್ಣ ಸಾಲದು. ಸುಣ್ಣದ ನೀರು ಇನ್ನಷ್ಟು ಸೇರಿಸಿ, ಕಲಕಿ, ಚೂರಿ ಒರೆಸಿ ಮತ್ತೆ ಅದ್ದಿದರು. ಈ ಸಲ ಹಾಗೇ ಹೊಳೆಯುತ್ತಾ ಬಂತು. ನಾನು ಹಾಕಿದ್ದು ಬಾಯಿ ಬಿಚ್ಚಿದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಸುಣ್ಣ. ಗಾಳಿಗೆ ಅದರ ಶಕ್ತಿ ಹೋಗಿತ್ತು. ಸುಣ್ಣ ಸತ್ತರೆ ಮೈಲುತುತ್ತು ಹಾಗೇ ಉಳಿದು ಕಾಯನ್ನು ಸುಡುತ್ತದೆ, ಮದ್ದು ಅಂಟಿ ನಿಲ್ಲದೆ ಮಳೆಗೆ ತೊಳೆದು ಹೋಗುತ್ತದೆ.

ಅಪ್ಪನಿಂದ ಅಳತೆ ಸಿಕ್ಕಿತ್ತು, ಕಾರಣ ಸಿಕ್ಕಿರಲಿಲ್ಲ. ಆ ಕಾರಣ ನಿಮ್ಮ ಮಗಳಿಗೆ ಈ ವಯಸ್ಸಿಗೇ ಸಿಗಲಿ. ಇದನ್ನು ಅಣ್ಣನಿಗೂ ಹೇಳಿ.

ಕೃಷಿ ವಿಶ್ವವಿದ್ಯಾಲಯಗಳ ಡಿಪ್ಲೊಮಾ 2 ವರ್ಷದ್ದು, ಕನ್ನಡದಲ್ಲೇ ಕಲಿಸುತ್ತಾರೆ. ಎಸ್ಸೆಸ್ಸೆಲ್ಸಿ ಆದವರು ಸೇರಬಹುದು. ಆದರೆ ಒಂದು ಮಾತು ಮೊದಲೇ ಅವಳನ್ನು ಕೇಳಿ: ಇಲಾಖೆಯಲ್ಲಿ ಕೃಷಿ ಅಧಿಕಾರಿ ಆಗುವ ಆಸೆ ಇದೆಯಾ? ಇದ್ದರೆ ಡಿಪ್ಲೊಮಾ ಸಾಲದು. ಪಿಯುಸಿಯಲ್ಲಿ ವಿಜ್ಞಾನ ತಗೊಂಡು, ಸಿಇಟಿ ಬರೆದು, 4 ವರ್ಷದ ಬಿಎಸ್ಸಿ ಕೃಷಿ ಮಾಡಬೇಕು. ಅಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮನೆ ತೋಟ ನೋಡಿಕೊಳ್ಳುವ ಮನಸ್ಸಿದ್ದರೆ ಡಿಪ್ಲೊಮಾ ಧಾರಾಳ ಸಾಕು.

ಇನ್ನೊಂದು ವಿಷಯ. ಘಟ್ಟದ ಮೇಲೆ ಸೀಟು ಸಿಕ್ಕಿದರೆ ಅಲ್ಲಿ ರಾಗಿ, ಜೋಳದ ಮಾತೇ ಜಾಸ್ತಿ ಇರಬಹುದು. ನಮ್ಮ ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಗದ್ದೆಗಳ ಲೆಕ್ಕವೇ ಬೇರೆ ಅಲ್ವಾ? ರಜೆಯಲ್ಲಿ ಬಂದಾಗ ಅವಳನ್ನು ಸುಮ್ನೆ ಕೂರಿಸಬೇಡಿ. ಅಡಿಕೆಗೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ, ಗೇರಿಗೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರ. ಭತ್ತಕ್ಕೆ ಬ್ರಹ್ಮಾವರದ ಸಂಶೋಧನಾ ಕೇಂದ್ರ ನಿಮಗೆ ಹತ್ತಿರವೇ. ತೋಟದ ಒಂದು ಮೂಲೆಯಲ್ಲಿ ಹತ್ತು ಮರ ಅವಳಿಗೇ ಬಿಟ್ಟುಕೊಡಿ. ಮದ್ದು ಅವಳೇ ಮಾಡಲಿ, ಲೆಕ್ಕ ಅವಳೇ ಬರೆಯಲಿ.

ಈ ವರ್ಷ ಯಾವ ಕಾಲೇಜಿಗೆ ಅರ್ಜಿ ಕರೆದಿದ್ದಾರೆ ಅಂತ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಅಂಕಪಟ್ಟಿ, ಜಾಗದ ಆರ್‌ಟಿಸಿ ಜೊತೆಗಿರಲಿ. ಮಗಳನ್ನೂ ಕರ್ಕೊಂಡು ಹೋಗಿ, ಅಕ್ಕ.